ಕೋಳಿಯ ಬಣ್ಣದ ಲೆಕ್ಕ: ಮರಿ ಯಾವ ಬಣ್ಣದ್ದಾಗುತ್ತದೆ ಎಂಬುದನ್ನು ಮೊದಲೇ ತಿಳಿಯುವ ಬಗೆ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಹಿತ್ತಲಲ್ಲೋ ತೋಟದಲ್ಲೋ ಕೋಳಿ ಸಾಕುವವರು ಬಣ್ಣದ ವಿಷಯದಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಮೂರೇ. ಹಿಂಡಿನಲ್ಲಿ ಒಂದೂ ಬಿಳಿ ಕೋಳಿ ಇಲ್ಲದಿದ್ದರೂ ಬಿಳಿ ಮರಿ ಎಲ್ಲಿಂದ ಬಂತು? ಮೊಟ್ಟೆಯೊಡೆದ ದಿನವೇ ಬಣ್ಣ ನೋಡಿ ಹುಂಜ ಯಾವುದು, ಹೇಂಟೆ ಯಾವುದು ಎಂದು ಹೇಳಬಹುದೇ? ಮೈಯೆಲ್ಲ ಕಪ್ಪಾಗಿರುವ ಕೋಳಿಯನ್ನು ಕಪ್ಪು ಮಾಂಸದ ಕಡಕ್‌ನಾಥ್ ತಳಿ ಎಂದು ಸಂತೆಯಲ್ಲಿ ಮಾರಿದರೆ ನಂಬಬಹುದೇ? ಮೂರಕ್ಕೂ ಉತ್ತರ ಸಿಗುವುದು ಒಂದೇ ಕಡೆ: ಕೋಳಿ ತೋರಿಸುವ ಬಣ್ಣ ಬೇರೆ, ಅದು ಒಳಗೆ ಹೊತ್ತಿರುವ ಬಣ್ಣ ಬೇರೆ. ಒಳಗಿನದನ್ನು ತಿಳಿಯಬೇಕಾದರೆ ಕೋಳಿಯನ್ನು ನೋಡಿದರೆ ಸಾಲದು, ಅದರ ಮರಿಗಳನ್ನು ನೋಡಬೇಕು. ಆ ಕೆಲಸವನ್ನು ಕ್ರಮವಾಗಿ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ನಾಲ್ಕು ಪದಗಳ ಪರಿಚಯ. ಒಂದು ಗುಣವನ್ನು ತಂದೆತಾಯಿಯಿಂದ ಮರಿಗೆ ದಾಟಿಸುವ ಘಟಕವೇ ವಂಶವಾಹಿ, ಅಂದರೆ ಜೀನ್. ಈ ವಂಶವಾಹಿಗಳು ಸಾಲಾಗಿ ಕುಳಿತಿರುವ ಎಳೆಗಳು ವರ್ಣತಂತುಗಳು; ಕೋಳಿಯಲ್ಲಿ ಇವು 39 ಜೋಡಿ ಇವೆ. ಜೋಡಿಯಲ್ಲಿ ಒಂದು ಪ್ರತಿ ಇದ್ದರೂ ಸಾಕು, ಹೊರಗೆ ಕಾಣಿಸಿಕೊಳ್ಳುವ ಗುಣ ಪ್ರಬಲ ಗುಣ. ಎರಡೂ ಪ್ರತಿಗಳು ಒಂದೇ ಆಗಿದ್ದಾಗ ಮಾತ್ರ ಕಾಣಿಸಿಕೊಂಡು, ಒಂದೇ ಪ್ರತಿ ಇದ್ದಾಗ ಅಡಗಿ ಕುಳಿತುಕೊಳ್ಳುವುದು ಸುಪ್ತ ಗುಣ. ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡುಕೊಂಡ ಈ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುತ್ತವೆ ಎಂದು 1902ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಬೇಟ್ಸನ್ ತೋರಿಸಿಕೊಟ್ಟದ್ದು ಕೋಳಿಗಳ ಮೇಲಿನ ಪ್ರಯೋಗಗಳಿಂದಲೇ. ಆದ್ದರಿಂದ ನೀವು ಹಿತ್ತಲಲ್ಲಿ ಮಾಡಹೊರಟಿರುವುದು ಹಳೆಯ, ಗಟ್ಟಿಯಾದ ಲೆಕ್ಕ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. ಹುಂಜಗಳನ್ನು ಬೇರೆ ಬೇರೆ ಇಡಲು ಜಾಲರಿ ಹಾಕಿದ ಎರಡು ಮೂರು ಗೂಡುಗಳು, ಬಣ್ಣಬಣ್ಣದ ಪ್ಲಾಸ್ಟಿಕ್ ಕಾಲುಂಗುರಗಳು, ಮೊಟ್ಟೆಯ ಮೇಲೆ ಗುರುತು ಹಾಕಲು ಸೀಸದ ಕಡ್ಡಿ, ಒಂದು ನೋಟ್‌ಬುಕ್, ದಿನಾಂಕ ತೋರಿಸುವ ಮೊಬೈಲ್ ಫೋಟೊ. ಇವುಗಳಲ್ಲಿ ಜನ ಬಿಟ್ಟುಬಿಡುವುದು ನೋಟ್‌ಬುಕ್ಕನ್ನು, ಬಿಡಬಾರದ್ದೂ ಅದನ್ನೇ.

1. ಈಗ ಇರುವ ಕೋಳಿಗಳ ಬಣ್ಣವನ್ನು ಸರಿಯಾಗಿ ಓದಿಕೊಳ್ಳಿ

ಕೋಳಿಯ ಗರಿಯಲ್ಲಿರುವ ಬಣ್ಣದ್ರವ್ಯಗಳು ಮುಖ್ಯವಾಗಿ ಎರಡು. ಕಪ್ಪು ಕೊಡುವುದು ಯೂಮೆಲನಿನ್. ಕೆಂಪು, ಕೆಂದು, ಹೊಂಬಣ್ಣ ಕೊಡುವುದು ಫಿಯೋಮೆಲನಿನ್. ನೀವು ನೋಡುವ ನೂರಾರು ಬಣ್ಣಗಳೆಲ್ಲ ಈ ಎರಡರ ಹಂಚಿಕೆಯಿಂದ, ತೆಳುಪಾಗುವಿಕೆಯಿಂದ ಅಥವಾ ಪೂರ್ತಿ ತಡೆಯುವಿಕೆಯಿಂದ ಬಂದವು. ಬಿಳಿ ಎನ್ನುವುದು ಪ್ರತ್ಯೇಕ ಬಣ್ಣದ್ರವ್ಯವಲ್ಲ, ಬಣ್ಣ ಇಲ್ಲದಿರುವ ಸ್ಥಿತಿ. ಆದ್ದರಿಂದ ಪ್ರತಿ ಕೋಳಿಯ ಮುಂದೆಯೂ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಹಾಕಿಕೊಳ್ಳಿ: ತಳದ ಬಣ್ಣ ಪೂರ್ತಿ ಕಪ್ಪೋ, ಕಪ್ಪು-ಕೆಂಪು ಹಂಚಿಕೆಯದೋ? ಕೆಂಪು ಇರಬೇಕಾದ ಜಾಗದಲ್ಲಿ ಹೊಂಬಣ್ಣ ಇದೆಯೋ, ಬೆಳ್ಳಿಯಂಥ ಬಿಳಿ ಇದೆಯೋ? ಇವುಗಳ ಮೇಲೆ ಪಟ್ಟೆ, ಚುಕ್ಕೆ, ಬೂದುತನ ಬೇರೆ ಸೇರಿದೆಯೋ?

ಕೋಳಿಯನ್ನು ಬೆಳಗಿನ ಬೆಳಕಿನಲ್ಲಿ ಕೈಯಲ್ಲಿ ಹಿಡಿದು, ಕತ್ತಿನ ಹಾಗೂ ಬೆನ್ನಿನ ಗರಿಗಳನ್ನು ಬಿಡಿಸಿ ಬುಡದ ಬಣ್ಣವನ್ನೂ ನೋಡಿ. ನಮ್ಮ ಕಡೆಯ, ಅದರಲ್ಲೂ ಚಳ್ಳಕೆರೆ, ಹಿರಿಯೂರು ಸುತ್ತಿನ ಬಿಸಿಲಿಗೆ ಕಪ್ಪು ಗರಿಯ ತುದಿ ಕಂದಾಗುವುದು, ಬಿಳಿ ಗರಿ ಹಳದಿಗಟ್ಟುವುದು ಸಾಮಾನ್ಯ. ಅದು ವಂಶದ ಗುಣವಲ್ಲ. ಮುಂದಿನ ಗರಿ ಉದುರುವಿಕೆಯ ಬಳಿಕ ಹೊಸ ಗರಿ ಮತ್ತೆ ತನ್ನ ಬಣ್ಣದಲ್ಲೇ ಬರುತ್ತದೆ.

ಮೇವಿನ ವಿಷಯದಲ್ಲೂ ಒಂದು ಗೊಂದಲವಿದೆ. ದಾವಣಗೆರೆ ಮೆಕ್ಕೆಜೋಳದ ಸೀಮೆ. ಹಳದಿ ಜೋಳ ತಿಂದ ಕೋಳಿಯ ಕಾಲು, ಚರ್ಮ, ಮೊಟ್ಟೆಯ ಭಂಡಾರ ಹಳದಿಯಾಗುತ್ತವೆ. ಆದರೆ ಹಳದಿ ಕಾಲಿನ ವಂಶವಾಹಿ ಇರುವ ಕೋಳಿಗೆ ಮಾತ್ರ ಕಾಲು ಹಳದಿಯಾಗುವುದು; ಬಿಳಿ ಕಾಲಿನ ಕೋಳಿಗೆ ಎಷ್ಟು ಜೋಳ ಹಾಕಿದರೂ ಆಗುವುದಿಲ್ಲ. ಗರಿಯ ಬಣ್ಣಕ್ಕಂತೂ ಜೋಳದ ಹಳದಿಗೂ ಸಂಬಂಧವಿಲ್ಲ. ಬರೀ ಜೋಳದ ಮೇಲೆ ಬೆಳೆಸಿದರೆ ಬೇರೊಂದು ತೊಂದರೆಯಿದೆ: ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಮತ್ತು ಲೈಸಿನ್ ಕೊರತೆಯಿಂದ ಕಂಚುಬಣ್ಣದ ಟರ್ಕಿ ಮರಿಗಳ ರೆಕ್ಕೆಗರಿಗಳು ಬಿಳುಪಾಗುವುದು ಸುಪರಿಚಿತ ಸಂಗತಿ. ಹಾಗಾಗಿ ಬಣ್ಣದ ಪರೀಕ್ಷೆಗೆಂದು ಬೆಳೆಸುವ ಮರಿಗಳಿಗೆ ಸಮತೋಲನದ ಮರಿಮೇವನ್ನೇ ಹಾಕಿ. ಇಲ್ಲದಿದ್ದರೆ ಮೇವಿನ ಕೊರತೆಯನ್ನು ವಂಶದ ಗುಣವೆಂದು ಬರೆದುಕೊಳ್ಳುವ ಅಪಾಯವಿದೆ.

2. ಹೇಂಟೆಗಳನ್ನು ಬೇರ್ಪಡಿಸಿ, ಮೂರು ವಾರ ಕಾಯಿರಿ

ಹೇಂಟೆ ಒಮ್ಮೆ ಕೂಡಿದ ಹುಂಜದ ವೀರ್ಯವನ್ನು ತನ್ನ ಅಂಡನಾಳದಲ್ಲಿ ಎರಡರಿಂದ ಮೂರು ವಾರ ಕಾಪಿಟ್ಟುಕೊಳ್ಳಬಲ್ಲದು. ಹಳೆಯ ಹುಂಜವನ್ನು ತೆಗೆದು ಹೊಸ ಹುಂಜವನ್ನು ಬಿಟ್ಟ ಮರುದಿನದಿಂದಲೇ ಮೊಟ್ಟೆ ಕೂಡಿಟ್ಟರೆ, ಆ ಮರಿಗಳ ತಂದೆ ಯಾರೆಂದು ಯಾರೂ ಹೇಳಲಾರರು. ಬಣ್ಣದ ಲೆಕ್ಕ ತಪ್ಪಿತು ಎಂದು ಬರುವ ದೂರುಗಳಲ್ಲಿ ದೊಡ್ಡ ಪಾಲು ಇದರಿಂದಲೇ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ. ಹಳೆಯ ಹುಂಜದಿಂದ ಬೇರ್ಪಡಿಸಿದ ಮೇಲೆ ಪೂರ್ತಿ ಮೂರು ವಾರ ಬಂದ ಮೊಟ್ಟೆಗಳನ್ನು ಅಡುಗೆಗೆ ಬಳಸಿ, ಅನಂತರದ ಮೊಟ್ಟೆಗಳನ್ನು ಮಾತ್ರ ಕಾವಿಗೆ ಇಡಿ. ಬೇಲಿ ಹಾರಿ ಬರುವ ಪಕ್ಕದ ಮನೆಯ ಹುಂಜವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗೂಡಿಗೆ ಮೇಲ್ಗಡೆಯೂ ಜಾಲರಿ ಇರಲಿ. ಒಂದು ಹುಂಜಕ್ಕೆ ಎಂಟರಿಂದ ಹತ್ತು ಹೇಂಟೆಗಳು ಸರಿ, ಆದರೆ ಪರೀಕ್ಷೆಗೆ ಎರಡು ಮೂರು ಇದ್ದರೂ ಸಾಕು.

3. ಮೊಟ್ಟೆಗೂ ಮರಿಗೂ ಗುರುತು ಹಾಕಿ

ಮೊಟ್ಟೆ ಸಿಕ್ಕ ದಿನವೇ ಸೀಸದ ಕಡ್ಡಿಯಿಂದ ಹುಂಜದ ಗುರುತು, ಹೇಂಟೆಯ ಗುರುತು, ದಿನಾಂಕ ಬರೆಯಿರಿ. ತಂಪಾದ ಜಾಗದಲ್ಲಿಟ್ಟು ಒಂದು ವಾರದೊಳಗೆ ಕಾವಿಗೆ ಹಾಕಿ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಕೋಣೆಯ ಶಾಖಕ್ಕೇ ಭ್ರೂಣ ಅರೆಬರೆ ಬೆಳೆದು ಸಾಯುವುದುಂಟು; ಮುಂಗಾರು ಬಿದ್ದ ಮೇಲೆ ಪರೀಕ್ಷೆಗೆ ತೊಡಗುವುದು ಜಾಣತನ.

ಕಾವು ಕೂತ ಹೇಂಟೆಯ ಬುಟ್ಟಿಗೆ ಬೇರೆ ಹೇಂಟೆಗಳು ಹೋಗಿ ಮೊಟ್ಟೆ ಇಟ್ಟು ಬರುತ್ತವೆ. ದಿನಕ್ಕೊಮ್ಮೆ ಬುಟ್ಟಿ ನೋಡಿ, ಗುರುತಿಲ್ಲದ ಮೊಟ್ಟೆಯನ್ನು ತೆಗೆದುಬಿಡಿ. ಇನ್‌ಕ್ಯುಬೇಟರ್ ಬಳಸುವವರು 18ನೇ ದಿನ ಒಂದೊಂದು ಜೋಡಿಯ ಮೊಟ್ಟೆಗಳನ್ನು ಜಾಲರಿಯ ಅಡ್ಡಗೋಡೆಯಿಂದ ಬೇರೆ ಮಾಡಬೇಕು, ಏಕೆಂದರೆ 21ನೇ ದಿನ ಮರಿಗಳು ಬೆರೆತವೆಂದರೆ ಚಿಪ್ಪಿನ ಮೇಲಿನ ಗುರುತು ಯಾವ ಪ್ರಯೋಜನಕ್ಕೂ ಬರುವುದಿಲ್ಲ. ಮರಿ ಒಣಗಿದ ಕೂಡಲೇ, ಮೊದಲ ದಿನದೊಳಗೆ, ನೆತ್ತಿ, ಬೆನ್ನು, ಹೊಟ್ಟೆ, ಕಾಲು ನಾಲ್ಕೂ ಕಾಣುವಂತೆ ಫೋಟೊ ತೆಗೆದು ಉಂಗುರ ತೊಡಿಸಿ. ಮರಿಯ ಕಾಲು ಬೇಗ ದಪ್ಪವಾಗುವುದರಿಂದ ಉಂಗುರವನ್ನು ವಾರಕ್ಕೊಮ್ಮೆ ಸಡಿಲಿಸದಿದ್ದರೆ ಅದು ಮಾಂಸಕ್ಕೆ ಇಳಿಯುತ್ತದೆ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನು ಪಶುವೈದ್ಯರು ಹೇಳಿದ ವಯಸ್ಸಿಗೆ ಹಾಕಿಸಿ. ಅರ್ಧ ಮರಿಗಳು ಸತ್ತ ಮೇಲೆ ಉಳಿದವುಗಳ ಎಣಿಕೆಯಿಂದ ಯಾವ ತೀರ್ಮಾನಕ್ಕೂ ಬರಲಾಗದು.

ಇನ್ನೊಂದು ಎಚ್ಚರಿಕೆ. ಪೂರ್ತಿ ಕಪ್ಪು ತಳಿಯ ಮರಿ ಹುಟ್ಟುವಾಗ ಬೆನ್ನು ಕಪ್ಪಾಗಿ, ಹೊಟ್ಟೆ ಮತ್ತು ರೆಕ್ಕೆಯ ತುದಿ ಬಿಳಿಯಾಗಿರುತ್ತವೆ. ಇದನ್ನು ಕಂಡು "ಕಲಬೆರಕೆ" ಎಂದು ಮರಿಯನ್ನು ಮಾರಿಬಿಡುವವರಿದ್ದಾರೆ. ಗರಿ ಬಂದಂತೆ ಆ ಬಿಳಿ ಮಾಯವಾಗುತ್ತದೆ. ಬೆನ್ನ ಮೇಲೆ ಗಾಢ ಕಂದು ಗೆರೆಗಳಿರುವ ಮರಿ ಕಾಡುಕೋಳಿಯ ಮೂಲಬಣ್ಣವನ್ನು ಹೊತ್ತದ್ದು. ಗೆರೆಯಿಲ್ಲದ ಕೆನೆಬಣ್ಣದ ಮರಿ ಗೋಧಿಬಣ್ಣದ ಹೇಂಟೆಯಾಗಬಹುದು, ಕೆಂಪು-ಕಪ್ಪು ಹುಂಜವೂ ಆಗಬಹುದು. ಅಂತಿಮ ಬಣ್ಣವನ್ನು ಐದಾರು ತಿಂಗಳು ತುಂಬುವ ಮೊದಲು ಬರೆದುಕೊಳ್ಳಬೇಡಿ.

4. ಅಡಗಿರುವ ಬಿಳಿಯನ್ನು ಹೊರಗೆಳೆಯಿರಿ

ಬಿಳಿ ಕೋಳಿಗಳಲ್ಲಿ ಎರಡು ಜಾತಿ. ವೈಟ್ ಲೆಗ್‌ಹಾರ್ನ್‌ನಲ್ಲಿರುವುದು ಪ್ರಬಲ ಬಿಳಿ. ಅದು ಸುಣ್ಣ ಬಳಿದ ಗೋಡೆಯಿದ್ದಂತೆ, ಒಳಗೆ ಯಾವ ಬಣ್ಣವಿದೆಯೋ ಮೇಲಿಂದ ತಿಳಿಯದು. ಇನ್ನೊಂದು ಸುಪ್ತ ಬಿಳಿ, ಬಣ್ಣದ್ರವ್ಯ ತಯಾರಾಗುವುದನ್ನೇ ನಿಲ್ಲಿಸುವಂಥದ್ದು. ಬಣ್ಣದ ಹುಂಜ, ಬಣ್ಣದ ಹೇಂಟೆ ಎರಡೂ ಸುಪ್ತ ಬಿಳಿಯ ಒಂದೊಂದು ಪ್ರತಿಯನ್ನು ಹೊತ್ತಿದ್ದರೆ ನಾಲ್ಕರಲ್ಲಿ ಒಂದು ಮರಿಯಂತೆ ಬಿಳಿ ಬರುತ್ತದೆ. ಮೊದಲ ಪ್ರಶ್ನೆಗೆ ಉತ್ತರ ಇದೇ. ಪಕ್ಕದ ಮನೆಯ ಹುಂಜವನ್ನೋ ಹೇಂಟೆಯನ್ನೋ ಅನುಮಾನಿಸುವ ಮೊದಲು ಇದನ್ನು ನೋಡಬೇಕು.

ನಿಮ್ಮ ಬಿಳಿ ಕೋಳಿ ಯಾವ ಜಾತಿಯದು ಎಂದು ತಿಳಿಯಲು ಅದನ್ನು ಬಿಳಿಯ ಅಂಶವಿಲ್ಲದ ಕಪ್ಪು ಕೋಳಿಯ ಜೊತೆ ಕೂಡಿಸಿ. ಮರಿಗಳೆಲ್ಲ ಬಿಳಿಯಾಗಿ, ಅಲ್ಲಲ್ಲಿ ಕರಿ ಚುಕ್ಕೆ ಕಾಣಿಸಿದರೆ ಅದು ಪ್ರಬಲ ಬಿಳಿ. ಎಲ್ಲವೂ ಬಣ್ಣದವಾದರೆ ಸುಪ್ತ ಬಿಳಿ. ಅರ್ಧಕ್ಕರ್ಧವಾದರೆ ಪ್ರಬಲ ಬಿಳಿಯ ಒಂದೇ ಪ್ರತಿ ಇದೆ ಎಂದರ್ಥ.

ಬಣ್ಣದ ಹುಂಜವೊಂದು ಸುಪ್ತ ಬಿಳಿಯನ್ನು ಹೊತ್ತಿದೆಯೇ ಎಂದು ಪರೀಕ್ಷಿಸಲು ಅದನ್ನು ಸುಪ್ತ ಬಿಳಿಯ ಹೇಂಟೆಯ ಜೊತೆ ಬಿಡಿ. ಹೊತ್ತಿದ್ದರೆ ಪ್ರತಿ ಮರಿಯೂ ಬಿಳಿಯಾಗುವ ಸಂಭವ ಅರ್ಧ. ಒಂದು ಬಿಳಿ ಮರಿ ಬಂದರೂ ಪರೀಕ್ಷೆ ಮುಗಿಯಿತು. ಒಂದೂ ಬರದಿದ್ದರೆ ಎಷ್ಟು ಮರಿಗಳವರೆಗೆ ಕಾಯಬೇಕು? ಐದು ಮರಿಗಳೂ ಬಣ್ಣದವಾದಾಗ ನೀವು ಮೋಸಹೋಗಿರುವ ಸಂಭವ 32ರಲ್ಲಿ 1; ಏಳು ಮರಿಗಳಾದರೆ 128ರಲ್ಲಿ 1. ಏಳಕ್ಕಿಂತ ಕಡಿಮೆ ಮರಿ ನೋಡಿ ಹುಂಜಕ್ಕೆ "ಶುದ್ಧ" ಎಂಬ ಹಣೆಪಟ್ಟಿ ಕಟ್ಟಬೇಡಿ. ಸುಪ್ತ ಬಿಳಿಯ ಹೇಂಟೆ ಸಿಗದಿದ್ದರೆ ಹುಂಜವನ್ನು ಅದರದೇ ಹೆಣ್ಣುಮಕ್ಕಳ ಜೊತೆ ಕೂಡಿಸುವ ದಾರಿಯಿದೆ. ಆದರೆ ಆಗ ಒಂದೊಂದು ಮರಿ ಬಿಳಿಯಾಗುವ ಸಂಭವ 8ರಲ್ಲಿ 1 ಮಾತ್ರ, ಹಾಗಾಗಿ ಹಲವು ಹೇಂಟೆಗಳಿಂದ ಬಹಳ ಮರಿಗಳನ್ನು ತೆಗೆಯಬೇಕು. ಆ ಮರಿಗಳನ್ನು ತಳಿಗೆ ಉಳಿಸಿಕೊಳ್ಳಲೂ ಬಾರದು.

ಇಲ್ಲಿ ಒಂದು ಸೊಗಸಾದ ತಿರುವಿದೆ. ಪ್ರಬಲ ಬಿಳಿಯ ಶುದ್ಧ ಕೋಳಿಗೂ ಸುಪ್ತ ಬಿಳಿಯ ಕೋಳಿಗೂ ಹುಟ್ಟಿದ ಮರಿಗಳು ಬಿಳಿಯೇ. ಆ ಬಿಳಿ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ಮೊಮ್ಮಕ್ಕಳಲ್ಲಿ 16ಕ್ಕೆ 3ರಂತೆ ಬಣ್ಣದ ಮರಿಗಳು ಹುಟ್ಟುತ್ತವೆ. ಅಜ್ಜಿ-ತಾತ, ತಂದೆ-ತಾಯಿ ಎಲ್ಲ ಬಿಳಿಯಾಗಿದ್ದು ಕಪ್ಪು ಮರಿ ಬಂದರೆ ಗಾಬರಿಪಡಬೇಕಾಗಿಲ್ಲ.

5. ಹುಟ್ಟಿದ ದಿನವೇ ಹುಂಜ-ಹೇಂಟೆ ಗುರುತಿಸಲು ಜೋಡಿಯನ್ನು ಸರಿಯಾದ ದಿಕ್ಕಿನಲ್ಲಿ ಕೂಡಿಸಿ

ಮನುಷ್ಯರಲ್ಲಿ ಮಗುವಿನ ಲಿಂಗವನ್ನು ನಿರ್ಧರಿಸುವುದು ತಂದೆಯ ವರ್ಣತಂತು; ಕೋಳಿಗಳಲ್ಲಿ ತಾಯಿಯದು. ಹುಂಜಕ್ಕೆ ಝೆಡ್ ಎಂಬ ಲಿಂಗವರ್ಣತಂತು ಎರಡಿರುತ್ತವೆ. ಹೇಂಟೆಗೆ ಒಂದು ಝೆಡ್, ಒಂದು ಡಬ್ಲ್ಯೂ. ಹೇಂಟೆ ತನ್ನ ಒಂದೇ ಝೆಡ್ಡನ್ನು ಗಂಡು ಮರಿಗಳಿಗೆ ಮಾತ್ರ ಕೊಡುತ್ತದೆ. ಹೆಣ್ಣು ಮರಿಗಳಿಗೆ ಅದರಿಂದ ಸಿಗುವುದು ಡಬ್ಲ್ಯೂ, ಅವುಗಳ ಝೆಡ್ ಬರುವುದು ತಂದೆಯಿಂದ. ಆದ್ದರಿಂದ ಝೆಡ್ ಮೇಲಿರುವ ಪ್ರಬಲ ಬಣ್ಣ ತಾಯಿಯಲ್ಲಿದ್ದು ತಂದೆಯಲ್ಲಿ ಇಲ್ಲದಿದ್ದರೆ, ಆ ಬಣ್ಣ ಗಂಡು ಮರಿಗಳಲ್ಲಷ್ಟೇ ಕಾಣುತ್ತದೆ. ಇಡೀ ಉಪಾಯ ಇಷ್ಟೇ. ನಮಗೆ ಉಪಯೋಗಕ್ಕೆ ಬರುವ ಇಂಥ ಬಣ್ಣಗಳು ಎರಡು: ಪಟ್ಟೆ ಮತ್ತು ಬೆಳ್ಳಿ.

ಪಟ್ಟೆಯ ವಿಧಾನಕ್ಕೆ ಹುಂಜ ಪಟ್ಟೆಯಿಲ್ಲದ ಕಪ್ಪು ಅಥವಾ ಕೆಂಪು ಆಗಿರಬೇಕು. ಕಪ್ಪು ಆಸ್ಟ್ರಲಾರ್ಪ್ ಅಥವಾ ರೋಡ್ ಐಲೆಂಡ್ ರೆಡ್ ಹೊಂದುತ್ತದೆ. ಹೇಂಟೆ ಗರಿಗರಿಗೂ ಬಿಳಿ-ಕಪ್ಪು ಅಡ್ಡಪಟ್ಟೆ ಇರುವಂಥದ್ದು, ಅಂದರೆ ಬಾರ್ಡ್ ಪ್ಲೈಮೌತ್ ರಾಕ್ ಬಗೆಯದು, ಆಗಿರಬೇಕು. ಮರಿಗಳು ಎಲ್ಲವೂ ಕಪ್ಪಾಗಿಯೇ ಹುಟ್ಟುತ್ತವೆ, ಆದರೆ ಗಂಡು ಮರಿಗಳ ನೆತ್ತಿಯ ಮೇಲೆ ಬಿಳಿ ಮಚ್ಚೆ ಇರುತ್ತದೆ, ಹೆಣ್ಣು ಮರಿಗಳ ನೆತ್ತಿ ಪೂರ್ತಿ ಕಪ್ಪು. ದೊಡ್ಡವಾದ ಮೇಲೆ ಹುಂಜಗಳಿಗೆ ಪಟ್ಟೆ ಬರುತ್ತದೆ, ಹೇಂಟೆಗಳಿಗೆ ಇಲ್ಲ. ನೆತ್ತಿಯನ್ನೇ ನೋಡಬೇಕು, ಹೊಟ್ಟೆಯ ಬಿಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಎಲ್ಲ ಮರಿಗಳೂ ಗಂಡಾಗಿ ಕಂಡಾವು.

ಬೆಳ್ಳಿಯ ವಿಧಾನಕ್ಕೆ ಹುಂಜ ಹೊಂಬಣ್ಣದ್ದಾಗಿರಬೇಕು, ರೋಡ್ ಐಲೆಂಡ್ ರೆಡ್‌ನಂತೆ. ಹೇಂಟೆ ಲೈಟ್ ಸಸೆಕ್ಸ್‌ನಂತೆ ಬೆಳ್ಳಿಯ ಅಂಶದ್ದಾಗಿರಬೇಕು. ಗಂಡು ಮರಿಗಳು ತಿಳಿಹಳದಿ, ಹೆಣ್ಣು ಮರಿಗಳು ಕೆಂದು. ಕಂದು ಮೊಟ್ಟೆ ಇಡುವ ವಾಣಿಜ್ಯ ಕೋಳಿಗಳ ಮರಿಗಳನ್ನು ಹ್ಯಾಚರಿಗಳು ಕ್ಷಣದಲ್ಲಿ ಬೇರ್ಪಡಿಸುವುದು ಈ ಉಪಾಯದಿಂದ.

ಎಡವುವ ಜಾಗಗಳು ಇಲ್ಲಿ ಹಲವು. ದಿಕ್ಕು ಬದಲಾದರೆ, ಅಂದರೆ ಶುದ್ಧ ಪಟ್ಟೆಯ ಹುಂಜವನ್ನು ಕಪ್ಪು ಹೇಂಟೆಗೋ ಬೆಳ್ಳಿ ಹುಂಜವನ್ನು ಕೆಂಪು ಹೇಂಟೆಗೋ ಕೂಡಿಸಿದರೆ, ಗಂಡು ಹೆಣ್ಣು ಎಲ್ಲವೂ ಒಂದೇ ಬಣ್ಣ. ಬಿಳಿಯಾಗಿ ಕಾಣುವ ಹೇಂಟೆಯೆಲ್ಲ ಬೆಳ್ಳಿಯಲ್ಲ. ವೈಟ್ ಲೆಗ್‌ಹಾರ್ನ್ ಹೇಂಟೆಯನ್ನು ಈ ಕೆಲಸಕ್ಕೆ ತಂದರೆ ಅದರ ಪ್ರಬಲ ಬಿಳಿ ಎಲ್ಲ ಮರಿಗಳನ್ನೂ ಮುಚ್ಚಿಬಿಡುತ್ತದೆ. ಬೆಳ್ಳಿ-ಹೊನ್ನಿನ ವ್ಯತ್ಯಾಸ ಪೂರ್ತಿ ಕಪ್ಪು ತಳದ ಮರಿಯಲ್ಲಿ ಕಾಣಿಸುವುದೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು: ಈ ಗುರುತು ಒಂದೇ ತಲೆಮಾರಿನದು. ಹೀಗೆ ಹುಟ್ಟಿದ ಹುಂಜ-ಹೇಂಟೆಗಳನ್ನು ತಮ್ಮಲ್ಲೇ ಕೂಡಿಸಿದರೆ ಮುಂದಿನ ಮರಿಗಳಲ್ಲಿ ಗಂಡುಗಳಲ್ಲೂ ಅರ್ಧ ಪಟ್ಟೆ, ಹೆಣ್ಣುಗಳಲ್ಲೂ ಅರ್ಧ ಪಟ್ಟೆ. ಬೆಳ್ಳಿಗೂ ಇದೇ ಮಾತು. ತಾಯಿಯ ಹಿಂಡು, ತಂದೆಯ ಹಿಂಡು ಎರಡನ್ನೂ ಬೇರೆ ಬೇರೆಯಾಗಿ ಶುದ್ಧವಾಗಿ ಉಳಿಸಿಕೊಳ್ಳುವ ಜಾಗ, ತಾಳ್ಮೆ ಇಲ್ಲದವರು ಈ ವಿಧಾನಕ್ಕೆ ಕೈಹಾಕದಿರುವುದೇ ಲೇಸು. ತಲೆಮಾರುಗಟ್ಟಲೆ ಗುರುತು ಉಳಿಯುವ ತಳಿಗಳೂ ಇವೆ: ಪಟ್ಟೆಯ ಎರಡು ಪ್ರತಿ ಇರುವ ಗಂಡು ಮರಿ ಒಂದು ಪ್ರತಿಯ ಹೆಣ್ಣು ಮರಿಗಿಂತ ತಿಳಿಯಾಗಿರುತ್ತದೆ ಎಂಬ ಆಧಾರದ ಮೇಲೆ ಕೇಂಬ್ರಿಜ್‌ನಲ್ಲಿ ತಳಿವಿಜ್ಞಾನಿ ಪನ್ನೆಟ್ ಅವರು ಕ್ಯಾಂಬಾರ್ ಎಂಬ ತಳಿಯನ್ನೇ ಕಟ್ಟಿದರು.

ಗಿರಿರಾಜ ಕೋಳಿಗಳಿಂದ ಇಂಥ ಲೆಕ್ಕ ಹಾಕಲು ಹೊರಡಬೇಡಿ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಈ ತಳಿ ಬಗೆಬಗೆಯ ಬಣ್ಣಗಳದು. ಅದರ ಮರಿಗಳಲ್ಲಿ ಬಣ್ಣ ಒಂದೇ ತೆರನಾಗಿ ಬರಬೇಕೆಂಬ ಉದ್ದೇಶವೇ ಅದರ ಹಿಂದಿಲ್ಲ.

6. ಬೂದು-ನೀಲಿ ಬಣ್ಣವನ್ನು ನಿಲ್ಲಿಸಲು ಹೋಗಬೇಡಿ

ಬೂದು-ನೀಲಿ ಕೋಳಿ ಚೆಂದ, ಬೆಲೆಯೂ ಹೆಚ್ಚು. ಆದರೆ ಅದು ಒಂದು ಪ್ರತಿಯ ಬಣ್ಣ. ನೀಲಿಗೆ ನೀಲಿ ಕೂಡಿಸಿದರೆ ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ಕಪ್ಪು, ಎರಡು ನೀಲಿ, ಇನ್ನೊಂದು ಎರಡೂ ಪ್ರತಿ ಸಿಕ್ಕಿ ಬಿಳಿಚಿಕೊಂಡು ಅಲ್ಲಲ್ಲಿ ನೀಲಿ ಸಿಡಿದಂಥದ್ದು. ಎಷ್ಟು ತಲೆಮಾರು ಆಯ್ಕೆ ಮಾಡಿದರೂ ಇದು ಬದಲಾಗದು. ಎಲ್ಲ ಮರಿಗಳೂ ನೀಲಿಯೇ ಬೇಕೆಂದರೆ ಆ ಬಿಳಿಚಿದ ಕೋಳಿಯನ್ನು ಕಪ್ಪು ಕೋಳಿಗೆ ಕೂಡಿಸಿ. ಜನ "ಹಾಳಾದ ಬಣ್ಣ" ಎಂದು ಮೊದಲು ಮಾರುವುದು ಆ ಬಿಳಿಚಿದ್ದನ್ನೇ.

7. ಕಡಕ್‌ನಾಥ್ ಕೊಳ್ಳುವ ಮೊದಲು

ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕ ಮೇಲೆ ನಮ್ಮ ಕಡೆಯೂ ಬೇಡಿಕೆ ಏರಿತು. ಈ ಕೋಳಿಯ ವಿಶೇಷ ಗರಿಯಲ್ಲಿಲ್ಲ, ಚರ್ಮದಲ್ಲಿದೆ. ಚರ್ಮ, ಮಾಂಸ, ಮೂಳೆಯ ಹೊದಿಕೆಯವರೆಗೂ ಕಪ್ಪು ಹರಡುವ ವಂಶವಾಹಿ ಅದಕ್ಕಿದೆ, ಮತ್ತು ಅದು ಪ್ರಬಲ. ಪೂರ್ತಿ ಕಪ್ಪು, ಗೀರುಗರಿ, ಹೊಂಗರಿ ಎಂಬ ಮೂರು ಬಗೆಗಳಿರುವುದರಿಂದ ಗರಿಯ ಬಣ್ಣ ನೋಡಿ ಏನನ್ನೂ ತೀರ್ಮಾನಿಸಲಾಗದು. ಮೊಟ್ಟೆಯೂ ಕಪ್ಪಲ್ಲ, ತಿಳಿಗಂದು. "ಕಪ್ಪು ಮೊಟ್ಟೆ" ಎಂದು ಮಾರುವವರಿಂದ ದೂರವಿರಿ.

ಬೆರಕೆಯ ಮೋಸ ನಡೆಯುವುದು ಹೀಗೆ. ಬಿಳಿ ಅಥವಾ ಹಳದಿ ಕಾಲಿನ ತಳಿಗಳಲ್ಲಿ ಚರ್ಮದ ಕಪ್ಪನ್ನು ತಡೆಯುವ ಇನ್ನೊಂದು ಪ್ರಬಲ ವಂಶವಾಹಿ ಝೆಡ್ ಮೇಲಿದೆ. ಬೇಟ್ಸನ್ ಮತ್ತು ಪನ್ನೆಟ್ 1911ರಲ್ಲಿ ಕಪ್ಪು ಚರ್ಮದ ಸಿಲ್ಕಿ ತಳಿಯ ಕೋಳಿಗಳಲ್ಲಿ ವಿವರಿಸಿದ್ದು ಇದನ್ನೇ. ಕಡಕ್‌ನಾಥ್ ಹುಂಜವನ್ನು ಹಳದಿ ಕಾಲಿನ ಸಾಮಾನ್ಯ ಹೇಂಟೆಗೆ ಬಿಟ್ಟರೆ, ತಾಯಿಯ ತಡೆ ಗಂಡು ಮರಿಗಳಿಗೆ ಮಾತ್ರ ಹೋಗುತ್ತದೆ. ಹೆಣ್ಣು ಮರಿಗಳು ಕಪ್ಪು ಚರ್ಮದೊಂದಿಗೇ ಬೆಳೆಯುತ್ತವೆ. ಸಂತೆಯಲ್ಲಿ ಆ ಹೇಂಟೆಯನ್ನು ಅರ್ಧ ಬೆರಕೆ ಎಂದು ಕಣ್ಣಿನಿಂದ ಗುರುತಿಸುವುದು ಕಷ್ಟ. ಬರೀ ಹೇಂಟೆಗಳನ್ನೇ ತೋರಿಸಿ, ಅವುಗಳ ಒಡಹುಟ್ಟಿದ ಹುಂಜಗಳನ್ನು ತೋರಿಸದ ಮಾರಾಟಗಾರರಲ್ಲಿ ಕೊಳ್ಳಬೇಡಿ. ಬೆರಕೆಯಿದ್ದರೆ ಅದು ಹುಂಜಗಳ ತಿಳಿಯಾದ ಕಾಲು, ಚರ್ಮಗಳಲ್ಲಿ ಬಯಲಾಗುತ್ತದೆ.

ಹುಂಜವನ್ನು ಕೊಂಡಿದ್ದರೆ ಪರೀಕ್ಷೆಯ ದಾರಿ ನೇರವಾಗಿದೆ. ಎರಡನೇ ಹಂತದಲ್ಲಿ ಹೇಳಿದಂತೆ ಮೂರು ವಾರ ಕಾದು, ಅದನ್ನು ಸಾಮಾನ್ಯ ನಾಟಿ ಹೇಂಟೆಗಳ ಜೊತೆ ಬಿಟ್ಟು, ಹುಟ್ಟಿದ ಹೆಣ್ಣು ಮರಿಗಳ ಚರ್ಮವನ್ನು ಮಾತ್ರ ನೋಡಿ. ಶುದ್ಧ ಹುಂಜದ ಹೆಣ್ಣು ಮರಿಗಳೆಲ್ಲ ಕಪ್ಪು ಚರ್ಮದವೇ ಆಗಬೇಕು. ಒಂದೇ ಒಂದು ಹೆಣ್ಣು ಮರಿಯ ಚರ್ಮ ತಿಳಿಯಾಗಿ ಬಂದರೂ ಆ ಹುಂಜ ಶುದ್ಧವಲ್ಲ. ಗಂಡು ಮರಿಗಳು ತಿಳಿಯಾದವೆಂದು ಹುಂಜವನ್ನು ದೂರಬೇಡಿ, ಅದು ನಿಮ್ಮ ನಾಟಿ ಹೇಂಟೆಯ ಕೊಡುಗೆ. ಗಂಡು-ಹೆಣ್ಣು ಖಚಿತವಾಗಿ ಗೊತ್ತಾಗುವವರೆಗೆ, ಅಂದರೆ ಜುಟ್ಟು ಮತ್ತು ಬಾಲದ ಗರಿ ಸ್ಪಷ್ಟವಾಗುವವರೆಗೆ, ಒಂದು ಮರಿಯನ್ನೂ ಮಾರದೆ ಇಟ್ಟುಕೊಳ್ಳಿ. ಇಲ್ಲೂ ಏಳು ಹೆಣ್ಣು ಮರಿಗಳಾದರೂ ಬೇಕು, ಹಾಗಾಗಿ ಇಪ್ಪತ್ತರಷ್ಟು ಮೊಟ್ಟೆಗಳನ್ನು ಕಾವಿಗೆ ಇಡುವುದು ಒಳ್ಳೆಯದು.